ದುರ್ಗಾಸ್ತಮಾನ ಮುಗೀತು, ಮುಂದೆ ಯಾವುದು ಓದಲಿ? (ಇತಿಹಾಸ, ಆತ್ಮಕಥೆ, ಐತಿಹಾಸಿಕ ಕಾದಂಬರಿ)

ಕೋಟೆ ಹುಡುಗ

ಎಲ್ಲರಿಗೂ ನಮಸ್ಕಾರ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಈಗಷ್ಟೇ ಮುಗಿಸಿದೆ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದ ಎಂದು ಶಾಲೆಯಲ್ಲಿ ಒಂದು ಸಾಲು ಓದಿದ್ದೆ, ಅಷ್ಟೇ. ಆ ಒಂದು ಸಾಲಿನೊಳಗೆ ಇಷ್ಟು ಜನ, ಇಷ್ಟು ಹಟ, ಇಷ್ಟು ಲೆಕ್ಕಾಚಾರ ಇತ್ತು ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಏನಾಗುತ್ತದೆ ಎಂದು ಗೊತ್ತಿದ್ದೂ, ಮದಕರಿ ನಾಯಕ ಹೇಗಾದರೂ ಉಳಿದುಕೊಳ್ಳಲಿ ಎಂದು ಆಸೆಪಟ್ಟುಕೊಂಡೇ ಓದಿದೆ.

ಈಗ ಮುಂದೇನು? ಕಾದಂಬರಿ ಬೇಕು, ಆತ್ಮಕಥೆ ಬೇಕು, ನಿಜವಾದ ಇತಿಹಾಸದ ಪುಸ್ತಕವೂ ಬೇಕು. ಬರೀ ವೈಭವ ಹೊಗಳುವ ಪುಸ್ತಕ ಬೇಡ. ಓದುವುದೆಲ್ಲ ಬಸ್ಸಿನಲ್ಲೇ, ಆದರೂ ದಪ್ಪ ಪುಸ್ತಕಕ್ಕೆ ಹೆದರುವುದಿಲ್ಲ. ಸುಮ್ನೆ ಹೆಸರು ಹಾಕಿ ಹೋಗಬೇಡಿ, ಯಾಕೆ ಇಷ್ಟ ಆಯಿತು ಎಂದೂ ಹೇಳಿ.

ನಿವೃತ್ತ ಮೇಷ್ಟ್ರು

ನೀವು ಕೊನೆಯಿಂದ ಶುರು ಮಾಡಿದ್ದೀರಿ! ದುರ್ಗದ ಮೇಲೆ ತ.ರಾ.ಸು. ಬರೆದ ಕಾದಂಬರಿಗಳ ಒಂದು ಸಾಲೇ ಇದೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೂರನ್ನೂ ಬೆನ್ನುಬೆನ್ನಿಗೇ ಓದಿ. ಮದಕರಿಗಿಂತ ಸುಮಾರು ಒಂದು ಶತಮಾನ ಹಿಂದಿನ ಕಥೆ. ಅಲ್ಲಿ ಕೋಟೆಗೆ ಹೊರಗಿನ ಶತ್ರುವಿಗಿಂತ ಒಳಗಿನವರ ಕಾಟವೇ ಜಾಸ್ತಿ. ದಳವಾಯಿ ಮುದ್ದಣ್ಣ ಎಂಬ ಒಬ್ಬ ಮನುಷ್ಯ ಪಟ್ಟಕ್ಕೆ ಯಾರನ್ನು ಕೂರಿಸಬೇಕು, ಯಾರನ್ನು ಇಳಿಸಬೇಕು ಎಂದು ಆಟ ಆಡಿಸುತ್ತಾನೆ. ಯುದ್ಧಕ್ಕಿಂತ ಪಿಸುಮಾತು ಹೆಚ್ಚು. ನನ್ನ ಮಟ್ಟಿಗೆ ಓದಿಸಿಕೊಂಡು ಹೋಗುವುದರಲ್ಲಿ ಈ ಮೂರು ‘ದುರ್ಗಾಸ್ತಮಾನ’ಕ್ಕಿಂತ ಒಂದು ಕೈ ಮೇಲು. ‘ದುರ್ಗಾಸ್ತಮಾನ’ದ ತೂಕವೇ ಬೇರೆ ಬಿಡಿ. ಅದು ಬಂದದ್ದು 1982ರಲ್ಲಿ. 1984ರಲ್ಲಿ ಅವರು ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ.

ಇವುಗಳ ಜೊತೆಗೆ ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳಯಗಾರರು’ ಇಟ್ಟುಕೊಳ್ಳಿ. ಹಳೆಯ ಕಾಲದ ಗದ್ಯ, ಆದರೆ ಯಾರ ನಂತರ ಯಾರು ಎಂಬುದು ತಲೆಯಲ್ಲಿ ನಿಲ್ಲುತ್ತದೆ.

ಓದುಗುಳಿ

ಮೇಷ್ಟ್ರ ಮಾತಿಗೆ ಒಂದು ಸಣ್ಣ ತಕರಾರು. ಕಾದಂಬರಿ ಓದಿ ಇತಿಹಾಸ ಗೊತ್ತಾಯಿತು ಎಂದುಕೊಳ್ಳುವುದು ನಮ್ಮಲ್ಲಿ ಒಂದು ರೋಗ. ಒನಕೆ ಓಬವ್ವನ ಮುಖ ಕೇಳಿದರೆ 1972ರ ‘ನಾಗರಹಾವು’ ಸಿನಿಮಾದ ಮುಖವನ್ನೇ ಹೇಳುತ್ತೇವೆ. ಆ ಸಿನಿಮಾಕ್ಕೆ ಮೂಲವೂ ತ.ರಾ.ಸು. ಕಾದಂಬರಿಗಳೇ. ಒಳ್ಳೆಯ ಲೇಖಕ ನಮ್ಮ ಕಣ್ಣಿಗೆ ಒಂದು ಚಿತ್ರ ಅಂಟಿಸಿಬಿಟ್ಟರೆ, ಆಮೇಲೆ ಬೇರೆ ಏನೂ ಕಾಣುವುದಿಲ್ಲ.

ಕೋಟೆ ಹುಡುಗರೇ, ಇಂಗ್ಲಿಷ್ ಓದುವ ಅಭ್ಯಾಸ ಇದ್ದರೆ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರು ಇತಿಹಾಸದಲ್ಲಿ ದುರ್ಗದ ಮುತ್ತಿಗೆಯ ಭಾಗ ನೋಡಿ. 1810ರ ನಂತರ ಬಂದ ಪುಸ್ತಕ. ಆತ ಮೈಸೂರಿನಲ್ಲಿ ರೆಸಿಡೆಂಟ್ (ಬ್ರಿಟಿಷರ ಪ್ರತಿನಿಧಿ) ಆಗಿದ್ದವನು, ಈಸ್ಟ್ ಇಂಡಿಯಾ ಕಂಪನಿಯ ಮನುಷ್ಯ, ಹೈದರನ ಬಗ್ಗೆ ಪೂರ್ವಗ್ರಹ ಇದ್ದೇ ಇದೆ. ಆದರೂ ಕೋಟೆ ಬಿದ್ದ ಮೇಲೆ ಏನಾಯಿತು ಎಂಬುದು ಅಲ್ಲಿ ಸಿಗುತ್ತದೆ. ಸುಮಾರು 20,000 ಜನರನ್ನು ದುರ್ಗದಿಂದ ಎಬ್ಬಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಅವರಲ್ಲಿ ಹುಡುಗರನ್ನು ಆರಿಸಿ ‘ಚೇಲಾ’ ಎಂಬ ಸೆರೆಹುಡುಗರ ಪಡೆ ಕಟ್ಟಿದರು ಎನ್ನುತ್ತಾನೆ. ಅಸ್ತಮಾನದ ಮಾರನೆಯ ದಿನದ ಕಥೆ ಅದು. ಅದನ್ನು ಯಾರಾದರೂ ಕಾದಂಬರಿ ಮಾಡಬೇಕು.

ನಿವೃತ್ತ ಮೇಷ್ಟ್ರು

ಓದುಗುಳಿಯವರೇ, ನೀವು ಹೇಳುವುದು ಸರಿ. ಆದರೆ ಇವರು ವಿಲ್ಕ್ಸ್ ಬಗ್ಗೆ ಕೇಳಲು ತಯಾರಾದದ್ದು ತ.ರಾ.ಸು. ಓದಿದ ಮೇಲೆಯೇ, ಅಲ್ವಾ?

ಸುಳ್ಯದ ಸುಮ

ನಮ್ಮ ಕಡೆಗೂ ಸ್ವಲ್ಪ ಬನ್ನಿ ಮಾರಾಯ್ರೇ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಇನ್ನೂ ಯಾರೂ ಹೇಳಲಿಲ್ಲ ಅಂದರೆ ಏನು ಕಥೆ! ಕೊಡಗಿನ ಕೊನೆಯ ರಾಜ, 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿದ್ದು. ಕೋಟೆ ಹುಡುಗನಿಗೆ ಇದು ಯಾಕೆ ಬೇಕು ಅಂದರೆ, ಇದು ‘ದುರ್ಗಾಸ್ತಮಾನ’ಕ್ಕೆ ಪೂರ್ತಿ ಉಲ್ಟಾ. ಅಲ್ಲಿ ರಾಜ ಬೀಳಬಾರದು ಎಂದು ಓದುತ್ತೇವೆ. ಇಲ್ಲಿ ಇವನು ಹೋದರೆ ಸಾಕಪ್ಪ ಅನ್ನಿಸುತ್ತದೆ, ಆದರೆ ಬರುವವರು ಯಾರು ಎಂದು ಗೊತ್ತಿರುವುದರಿಂದ ಹೊಟ್ಟೆಯಲ್ಲಿ ಸಂಕಟ. ಮಂತ್ರಿಗಳಿಗೂ ಅದೇ ಇಕ್ಕಟ್ಟು. ರಾಜನಿಗೆ ನಿಷ್ಠೆಯೋ, ಜನರಿಗೋ? ಮಾಸ್ತಿ ಧ್ವನಿ ಏರಿಸುವುದೇ ಇಲ್ಲ. ಮನೆಯ ಹಿರಿಯರು ಜಗಲಿಯಲ್ಲಿ ಕೂತು ಹೇಳಿದ ಹಾಗೆ ಹೇಳುತ್ತಾ ಹೋಗುತ್ತಾರೆ. ಕುಂಟ ಬಸವನ ಪಾತ್ರ ಒಂದಕ್ಕೇ ಆ ಪುಸ್ತಕ ಓದಬಹುದು. 1983ರ ಜ್ಞಾನಪೀಠ ಇದಕ್ಕೇ ಬಂದದ್ದು.

ಅದು ಮುಗಿದ ಕೂಡಲೇ ನಿರಂಜನರ ‘ಕಲ್ಯಾಣಸ್ವಾಮಿ’ ಹಿಡಿಯಿರಿ. ಯಾಕೆಂದರೆ ಕೊಡಗು ಹೋದ ಕಥೆ 1834ಕ್ಕೆ ಮುಗಿಯಲಿಲ್ಲ. ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು (ಹಳ್ಳಿಗಳ ಗುಂಪುಗಳನ್ನು) ಕಂಪನಿ ಸರಕಾರ ಕೊಡಗಿನಿಂದ ತೆಗೆದು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಿ ಎಂದರು. ರೈತನ ಕೈಯಲ್ಲಿ ನಗದು ಎಲ್ಲಿತ್ತು? 1837ರಲ್ಲಿ ಜನ ದಂಗೆ ಎದ್ದು ಸುಳ್ಯದಿಂದ ಮಂಗಳೂರಿನವರೆಗೂ ನಡೆದರು. ಮಂಗಳೂರಿನ ಬಾವುಟಗುಡ್ಡದ ಹೆಸರು ಕೇಳಿದ್ದೀರಲ್ಲ, ಅಲ್ಲಿ ಅವರ ಬಾವುಟ ಹಾರಿತು. ಸುಮಾರು ಎರಡು ವಾರ ಪೇಟೆ ಅವರ ಕೈಯಲ್ಲಿತ್ತು. ಆಮೇಲೆ ಗಲ್ಲು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲೇ ನೇಣಿಗೆ ಹಾಕಿದರು. 1857ಕ್ಕೆ ಇಪ್ಪತ್ತು ವರ್ಷ ಮುಂಚೆ!

ಥೇಮ್ಸ್ ತೀರದವನು

ಸುಮಕ್ಕ, ಕಥೆ ಇನ್ನೂ ಮುಂದೆ ಹೋಗುತ್ತದೆ, ನಾನಿರುವ ಊರಿನವರೆಗೂ. ಚಿಕವೀರ ರಾಜೇಂದ್ರನನ್ನು ಕಾಶಿಗೆ ಕಳಿಸಿದ್ದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಬಂದ. ಕಂಪನಿಯಲ್ಲಿ ಮನೆತನದವರು ಇಟ್ಟಿದ್ದ ಹಣ ವಾಪಸ್ ಕೇಳಲು. ಗೌರಮ್ಮನಿಗೆ ಕ್ರೈಸ್ತ ದೀಕ್ಷೆ ಕೊಡಿಸಿದರು, ರಾಣಿ ವಿಕ್ಟೋರಿಯಾಳೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಹಣ ಮಾತ್ರ ಸಿಗಲಿಲ್ಲ. 1859ರಲ್ಲಿ ರಾಜ ಇಲ್ಲೇ ತೀರಿಕೊಂಡ. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಸಮಾಧಿ ಇದೆ. ಮಗಳು 1864ರಲ್ಲಿ ತೀರಿಕೊಂಡಳು, ಅವಳದು ಬ್ರಾಂಪ್ಟನ್ ಸ್ಮಶಾನ. ಸಿ.ಪಿ. ಬೆಳ್ಳಿಯಪ್ಪನವರು ವಿಕ್ಟೋರಿಯಾ ಗೌರಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದಾರೆ. ಮಾಸ್ತಿ ಓದಿದವರು ಅದನ್ನೂ ಓದಿದರೆ ಆ ರಾಜನ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ. ನನಗಂತೂ ಇಳಿಯಿತು.

ಕೋಟೆ ಹುಡುಗ

ಅಬ್ಬಾ, ಒಂದು ಪ್ರಶ್ನೆಗೆ ಮಡಿಕೇರಿಯಿಂದ ಲಂಡನ್ ತನಕ ಹೋಗಿಬಂದೆ. ‘ಚಿಕವೀರ ರಾಜೇಂದ್ರ’ ಪಕ್ಕಾ. ಆತ್ಮಕಥೆಗಳ ಕಡೆ ಯಾರಾದರೂ ಹೇಳಿ. ರಾಜರು ಸಾಕು ಸ್ವಲ್ಪ ಹೊತ್ತು.

ಮಲೆನಾಡ ಮಳೆ

ರಾಜರು ಸಾಕು ಅಂದಿದ್ದು ಒಳ್ಳೆಯದಾಯಿತು.

ಮೊದಲನೆಯದು ನವರತ್ನ ರಾಮರಾಯರ ‘ಕೆಲವು ನೆನಪುಗಳು’. ಹಳೇ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದವರು, ಮಾಸ್ತಿಯವರಿಗೂ ರಾಜಾಜಿಯವರಿಗೂ ಗೆಳೆಯರು. ಸಂಸ್ಥಾನದ ಚರಿತ್ರೆ ಅಂದರೆ ಅರಮನೆ, ದಸರಾ, ದಿವಾನರು ಎಂದು ಓದಿರುತ್ತೇವೆ. ಇದರಲ್ಲಿ ತಾಲ್ಲೂಕು ಕಚೇರಿ ಇದೆ. ಶಾನುಭೋಗ, ಪಟೇಲ, ಕಂದಾಯ ವಸೂಲಿ, ದೂರು ಹೊತ್ತು ಬರುವ ರೈತ, ಊರೂರಿನ ಮೊಕ್ಕಾಂ. ಸರ್ಕಾರ ಎಂಬುದು ಹಳ್ಳಿಯವನ ಕಣ್ಣಿಗೆ ಹೇಗೆ ಕಾಣುತ್ತಿತ್ತು ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಕನ್ನಡ ಪುಸ್ತಕ ನನಗೆ ಸಿಕ್ಕಿಲ್ಲ. ನಗಿಸುತ್ತಾರೆ ಕೂಡ. ಇಷ್ಟು ಕಡಿಮೆ ಜನ ಯಾಕೆ ಓದಿದ್ದಾರೋ.

ದಿವಾನರ ಬಗ್ಗೆಯೂ ಬೇಕು ಅಂದರೆ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ‘ಮೈಸೂರಿನ ದಿವಾನರು’ ಸಂಪುಟ ಇದೆ. ಎಂಟು ಸಂಪುಟವನ್ನೂ ಒಟ್ಟಿಗೆ ಕೊಳ್ಳಬೇಡಿ. ‘ಕಲೋಪಾಸಕರು’ ಸಂಪುಟದಿಂದ ಶುರು ಮಾಡಿ, ಬಸ್ಸಿಗೆ ಹೇಳಿ ಮಾಡಿಸಿದ್ದು. ಒಬ್ಬೊಬ್ಬರ ಮೇಲೆ ಒಂದೊಂದು ಲೇಖನ, ನಿಲ್ದಾಣ ಬಂದಾಗ ಮುಚ್ಚಿಡಬಹುದು. ಅವರು ಹೊಗಳುವುದು ಜಾಸ್ತಿ ಎಂಬ ಮಾತಿದೆ. ಇರಲಿ, ಗೌರವ ಇಟ್ಟುಕೊಂಡೇ ಒಬ್ಬರ ದೌರ್ಬಲ್ಯ ಹೇಳುವ ಕಲೆ ಅವರಿಗೆ ಗೊತ್ತಿತ್ತು.

ಇನ್ನು ನಮ್ಮ ಕಡೆಯವರು. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ದೊಡ್ಡದು, ತಾಳ್ಮೆ ಬೇಕು. ದಿನಚರಿ, ಕವನಗಳ ಹುಟ್ಟು, ಗುರುಗಳು, ಎಲ್ಲ ಬರುತ್ತದೆ. ಅದಕ್ಕಿಂತ ಮುಂಚೆ ತೇಜಸ್ವಿ ಬರೆದ ‘ಅಣ್ಣನ ನೆನಪು’ ಓದಿ. ಅಪ್ಪನನ್ನು ದೇವರು ಮಾಡದೆ ಬರೆದ ಮಗನ ಪುಸ್ತಕ. ಹೊಟ್ಟೆ ಹುಣ್ಣಾಗುವಷ್ಟು ನಗು.

ಹೊಸಕೆರೆಹಳ್ಳಿ ಹೇಮ

ಮಲೆನಾಡ ಮಳೆ ಅವರೇ, ಕೊಟ್ಟ ಪಟ್ಟಿ ಚೆನ್ನಾಗಿದೆ, ಆದರೆ ಎಲ್ಲರೂ ಊಟಕ್ಕೆ ಕಷ್ಟ ಇಲ್ಲದ ಮನೆಯವರೇ ಆದರಲ್ಲ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಸೇರಿಸಿ. ಆ ಪುಸ್ತಕದ ಮೊದಲಲ್ಲೇ ಒಂದು ದೃಶ್ಯ. ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಅವರಲ್ಲಿ ಒಬ್ಬರು ಹುಡುಗನ ಅಪ್ಪ. ಇಷ್ಟು ಹೇಳಿ ಕವಿ ಅಳುವುದಿಲ್ಲ, ಮುಂದಿನ ಕಥೆಗೆ ಹೋಗಿಬಿಡುತ್ತಾರೆ. ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಮೇಲೆ ಸ್ಮಶಾನದಲ್ಲಿ ಕೂತು ಓದಿದ್ದನ್ನೂ ತಮಾಷೆಯಾಗಿ ಹೇಳುತ್ತಾರೆ. ಬೆಂಗಳೂರಿನ ಇತಿಹಾಸ ಅಂದರೆ ಕೆಂಪೇಗೌಡರ ಗೋಪುರ, ದಂಡು ಪ್ರದೇಶ ಎಂದು ಬರೆಯುತ್ತಾರೆ. ಗಿರಣಿ ಕೂಲಿಗಳ ಕೇರಿಗಳ ಇತಿಹಾಸ ಇಂಥ ಆತ್ಮಕಥೆಗಳಲ್ಲೇ ಇರುವುದು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನೂ ಜೊತೆಗೆ ಇಟ್ಟುಕೊಳ್ಳಿ. ಅದರಲ್ಲಿ ನಗು ಕಡಿಮೆ.

ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ ಕೂಡ. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಬೆಂಗಳೂರಿಗೆ ಓದಲು ಬಂದ ಹುಡುಗ, ಕೊನೆಯವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಇದ್ದವರು, ನಡುವೆ ಅಮೆರಿಕಕ್ಕೆ ಹೋಗಿ ಪಿಎಚ್‌ಡಿ ಮಾಡಿಕೊಂಡು ಬಂದರು. ಅಲಂಕಾರವೇ ಇಲ್ಲದ ಗದ್ಯ. ಹೈಸ್ಕೂಲು ಮಕ್ಕಳಿಗೂ ಕೊಡಬಹುದು.

ಮಲೆನಾಡ ಮಳೆ

ಹೇಮಾ ಅವರೇ, ‘ಊರುಕೇರಿ’ಗೆ ನನ್ನದೂ ಒಂದು ಮತ.

ಕಲ್ಬರಹ

ಶಾಸನ ಅಂದರೆ ಓಡಿಹೋಗುವವರು ದಯವಿಟ್ಟು ಎರಡು ನಿಮಿಷ ನಿಲ್ಲಿ.

ಬಿ.ಎಲ್. ರೈಸ್ ಎಂಬುವರು ಊರೂರು ತಿರುಗಿಸಿ ಕಲ್ಲುಗಳ ಬರಹ ಪ್ರತಿ ಮಾಡಿಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಕೊಡಗಿನದು, 1886ರಲ್ಲಿ ಬಂತು. ಹನ್ನೆರಡು ಸಂಪುಟ ಸೇರಿ ಸುಮಾರು 9,000 ಶಾಸನ. ಇದನ್ನು ಕಾದಂಬರಿಯ ಹಾಗೆ ಓದಲು ಆಗುವುದಿಲ್ಲ. ನಿಮ್ಮ ತಾಲ್ಲೂಕಿನ ಪುಟಗಳನ್ನು ತೆರೆದು ಗೊತ್ತಿರುವ ಊರಿನ ಹೆಸರು ಹುಡುಕಿ ನೋಡಿ. ಹಳೇ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತವೆ.

ಓದಿಸಿಕೊಂಡು ಹೋಗುವಂಥದ್ದು ಬೇಕಾದರೆ ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಇದು ಸಂಶೋಧನೆಗಾಗಿ ಬರೆದ ಗ್ರಂಥ, 1966ರದ್ದು. ಆದರೆ ವೀರರು, ವೇಳೆವಾಳಿಗಳು (ಒಡೆಯನಿಗಾಗಿ ಪ್ರಾಣ ಕೊಡುವ ಭಾಷೆ ಮಾಡಿದವರು), ಗರುಡರ ಬಗ್ಗೆ ಬರೆದಿರುವ ಭಾಗ ಯಾವ ಕಾದಂಬರಿಗೂ ಕಡಿಮೆ ಇಲ್ಲ. ಗರುಡ ಅಂದರೆ ಒಡೆಯ ಸತ್ತರೆ ತಾನೂ ಸಾಯುತ್ತೇನೆ ಎಂದು ಭಾಷೆ ಕೊಟ್ಟವನು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಕಂಬ ಇದೆ. ಎರಡನೇ ಬಲ್ಲಾಳನ ಗರುಡ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಅವರ ಜೊತೆಗಾರರು ಪ್ರಾಣ ಕೊಟ್ಟದ್ದರ ನೆನಪಿಗೆ ನಿಲ್ಲಿಸಿದ್ದು. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುತ್ತಿರುವವರ ಚಿತ್ರಗಳು ಅದರ ಮೇಲಿವೆ. ಪ್ರವಾಸಿಗರೆಲ್ಲ ಶಿಲಾಬಾಲಿಕೆಯರ ಫೋಟೋ ತೆಗೆದುಕೊಂಡು ಆ ಕಂಬದ ಪಕ್ಕದಲ್ಲೇ ಹಾದುಹೋಗುತ್ತಾರೆ.

ಇನ್ನೊಂದು ಹೇಳದೆ ಬಿಡಲಾರೆ. ಮದ್ದೂರು ಕಡೆಯ ಆತಕೂರಿನ ಕಲ್ಲು, ಹತ್ತನೇ ಶತಮಾನದ್ದು. ರಾಷ್ಟ್ರಕೂಟರ ಪರವಾಗಿ ಗಂಗ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ ಯುದ್ಧದ ವಿಷಯ ಅದರಲ್ಲಿದೆ. ಆದರೆ ಆ ಕಲ್ಲು ನಿಂತದ್ದು ಕಾಳಿ ಎಂಬ ನಾಯಿಗೆ! ಕಾಡುಹಂದಿಯ ಜೊತೆ ಕಾದಾಡಿ ಹಂದಿಯನ್ನು ಕೊಂದು ತಾನೂ ಸತ್ತ ನಾಯಿ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಬ್ಬನ್ ಪಾರ್ಕಿನ ಪಕ್ಕ.

ಸುಳ್ಯದ ಸುಮ

ನಾಯಿಗೆ ವೀರಗಲ್ಲು! ಇದನ್ನು ನನ್ನ ಮಗನಿಗೆ ಹೇಳಿದರೆ ನಾಳೆಯೇ ಬೆಂಗಳೂರಿಗೆ ಹೊರಡು ಎನ್ನುತ್ತಾನೆ.

ಓದುಗುಳಿ

ಕಲ್ಬರಹ ಸರ್, ನೀವು ಇದ್ದಾಗಲೇ ಕೇಳಿಬಿಡುತ್ತೇನೆ. ಶಾಂತಲೆ ಶಿವಗಂಗೆ ಬೆಟ್ಟದಿಂದ ಹಾರಿ ಪ್ರಾಣ ಬಿಟ್ಟಳು ಎನ್ನುತ್ತಾರಲ್ಲ. ಅಲ್ಲಿಗೆ ಹೋದರೆ ಗೈಡುಗಳು ಜಾಗವನ್ನೂ ತೋರಿಸುತ್ತಾರೆ. ಇದಕ್ಕೆ ಆಧಾರ ಇದೆಯಾ ಅಥವಾ ಇದೂ ಕಾದಂಬರಿಕಾರರ ಕೈಚಳಕವಾ?

ಕಲ್ಬರಹ

ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯ ಶಾಸನ ನೋಡಬೇಕು. ಆ ಬಸದಿ ಶಾಂತಲೆಯೇ ಕಟ್ಟಿಸಿದ್ದು. ಅವಳು ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶಾಸನ ಹೇಳುತ್ತದೆ, ಕಾಲ 1131. ಸುದ್ದಿ ತಿಳಿದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸ ಮಾಡಿ ಸಲ್ಲೇಖನದಿಂದ ದೇಹ ಬಿಟ್ಟಳು ಎಂದೂ ಹೇಳುತ್ತದೆ. ಬೆಟ್ಟದಿಂದ ಹಾರಿದ ಮಾತು ಅದರಲ್ಲಿ ಇಲ್ಲ. ತಾಯಿ ಸತ್ತ ಬಗೆಯನ್ನು ಇಷ್ಟು ವಿವರವಾಗಿ ಬರೆದವರು ಮಗಳ ವಿಷಯದಲ್ಲಿ ಎರಡೇ ಮಾತಿಗೆ ನಿಲ್ಲಿಸಿದ್ದಾರೆ. ಆ ಜಾಗವನ್ನು ಕಥೆಗಾರರು ತುಂಬಿದರು.

ನಿವೃತ್ತ ಮೇಷ್ಟ್ರು

ಆ ಕಥೆಗಾರರಲ್ಲಿ ಕೆ.ವಿ. ಅಯ್ಯರ್ ಹೆಸರು ಹೇಳಲೇಬೇಕು. ‘ಶಾಂತಲಾ’ ಬರೆದವರು ವಿದ್ವಾಂಸರಲ್ಲ, ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ದೇಹದಾರ್ಢ್ಯ ಪಟು! ಕೈಲಾಸಂ ಅವರ ಆಪ್ತರು. ಡಂಬೆಲ್ ಎತ್ತುವ ಕೈಯಿಂದ ಇಷ್ಟು ನಾಜೂಕಾದ ಬರವಣಿಗೆ ಬಂತಲ್ಲ ಎಂದು ನಾವೆಲ್ಲ ಬೆರಗಾಗುತ್ತಿದ್ದೆವು. ಅದರ ಶಾಂತಲೆ ಪೂರ್ತಿ ತ್ಯಾಗಮಯಿ, ಇವತ್ತಿನ ಹುಡುಗಿಯರಿಗೆ ಸಿಟ್ಟು ಬರಬಹುದು. ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಶಾಸನಗಳಿಗೆ ಹತ್ತಿರ ನಿಲ್ಲಲು ನೋಡುತ್ತದೆ. ಮೊದಲ ಮೂರ್ತಿದೇವಿ ಪ್ರಶಸ್ತಿ ಅದಕ್ಕೇ ಬಂದದ್ದು. ಗಾತ್ರ ನೋಡಿ ಗಾಬರಿಯಾಗಬೇಡಿ. ನನಗೆ ಮಾತ್ರ ಇವತ್ತಿಗೂ ಅಯ್ಯರ್ ಅವರದೇ ಇಷ್ಟ. ಆಧಾರ ಕೇಳಬೇಡಿ!

ಹೊಸಕೆರೆಹಳ್ಳಿ ಹೇಮ

ಸಿಟ್ಟು ಬಂತು ಮೇಷ್ಟ್ರೇ. ಆದರೂ ಮುಗಿಸದೆ ಇಡಲಿಲ್ಲ.

ಧಾರವಾಡ ಪೇಡೆ

ಏನ್ರೀ ಇದು, ಎಲ್ಲ ಹಳೇ ಮೈಸೂರು, ಕರಾವಳಿ ಅಂತಲೇ ಹೊಂಟೀರಿ. ಉತ್ತರ ಕರ್ನಾಟಕ ನಕಾಶೆಯೊಳಗ ಇಲ್ಲೇನು?

ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಓದಿರಿ. ನವಲಗುಂದದ ಒಂದು ಮನೆತನದ ಕಥೆ. ಸ್ವಾತಂತ್ರ್ಯ ಚಳವಳಿ ಎಂಬುದು ಇಲ್ಲಿ ಭಾಷಣವಾಗಿ ಬರುವುದಿಲ್ಲ. ಅಡಿಗೆ ಮನೆ, ಸಾಲ, ಮದುವೆ, ಪ್ಲೇಗು ಇವುಗಳ ನಡುವೆ ಒಂದು ಸುದ್ದಿಯಾಗಿ ಬಂದು ಹೋಗುತ್ತದೆ. ಹೆಚ್ಚಿನವರ ಮನೆಯಲ್ಲಿ ನಿಜವಾಗಿ ಆದದ್ದೂ ಹಾಗೇ ಅಲ್ಲವೇ? ಧಾರವಾಡ ಸೀಮೆಯ ಮಾತು ಮೊದಲ ಹತ್ತಿಪ್ಪತ್ತು ಪುಟ ಕಷ್ಟ ಅನ್ನಿಸಿದರೆ ಗಟ್ಟಿಯಾಗಿ ಓದಿ ನೋಡಿ, ದಾರಿ ಸಿಗುತ್ತದೆ. 2008ರಲ್ಲಿ ಕೇಂದ್ರ ಅಕಾಡೆಮಿ ಪ್ರಶಸ್ತಿ ಬಂದಿದೆ.

ಆತ್ಮಕಥೆ ಅಂದರೆ ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’. ಶಿರಸಿ, ಧಾರವಾಡ, ಆಕ್ಸ್‌ಫರ್ಡ್, ಮದ್ರಾಸ್, ಪುಣೆ. ತಾವು ಹುಟ್ಟುವುದಕ್ಕಿಂತ ಮುಂಚಿನ ತಾಯಿಯ ಕಥೆಯನ್ನು ಅವರು ಹೇಳುವ ಧೈರ್ಯ ನೋಡಬೇಕು. ಸಣ್ಣ ಪ್ರಾಯದ ವಿಧವೆಗೆ ಮರುಮದುವೆ ಎಂಬುದು ಆ ಕಾಲದಲ್ಲಿ ಏನು ಎಂದು ಸಮಾಜಶಾಸ್ತ್ರದ ಪುಸ್ತಕಕ್ಕಿಂತ ಆ ಕೆಲವು ಪುಟಗಳು ಚೆನ್ನಾಗಿ ತಿಳಿಸುತ್ತವೆ.

ಹಳಬರಲ್ಲಿ ಆಲೂರು ವೆಂಕಟರಾಯರ ‘ನನ್ನ ಜೀವನ ಸ್ಮೃತಿಗಳು’. ‘ಕರ್ನಾಟಕ ಗತವೈಭವ’ ಬರೆದವರು ಎಂದು ಎಲ್ಲರಿಗೂ ಗೊತ್ತು, 1917ರ ಪುಸ್ತಕ. ಕೋಟೆ ಹುಡುಗನಿಗೆ ವೈಭವ ಬೇಡವಂತೆ, ಸರಿ. ಆದರೆ ಮುಂಬಯಿ ಪ್ರಾಂತ್ಯ, ನಿಜಾಮರ ರಾಜ್ಯ, ಮದ್ರಾಸು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಜನಕ್ಕೆ ಆ ಪುಸ್ತಕ ಯಾಕೆ ಬೇಕಾಯಿತು ಎಂಬುದು ಈ ನೆನಪುಗಳಲ್ಲಿ ಗೊತ್ತಾಗುತ್ತದೆ. ವೈಭವ ಹೊಗಳಿದ್ದಕ್ಕೂ ಒಂದು ಕಾರಣ ಇತ್ತು. ಕನ್ನಡದ ಐತಿಹಾಸಿಕ ಕಾದಂಬರಿಗೆ ಓದುಗರನ್ನು ಹುಟ್ಟಿಸಿದ ಗಳಗನಾಥರೂ ಅದೇ ಕಾಲದವರು. ತಮ್ಮ ಪುಸ್ತಕಗಳನ್ನು ತಾವೇ ತಲೆ ಮೇಲೆ ಹೊತ್ತು ಊರೂರಿಗೆ ಹೋಗಿ ಮಾರಿದವರು. ಅವರ ‘ಮಾಧವ ಕರುಣಾ ವಿಲಾಸ’ ಇವತ್ತು ಓದುವುದು ಕಷ್ಟ, ಸುಳ್ಳು ಯಾಕೆ ಹೇಳಲಿ.

ಕೋಟೆ ಹುಡುಗ

ಪೇಡೆ ಸಾಹೇಬರೇ, ಒಪ್ಪಿದೆ. ‘ಆಡಾಡತ ಆಯುಷ್ಯ’ ಮನೆಯಲ್ಲೇ ಇದೆ, ಅಕ್ಕ ತಂದಿಟ್ಟದ್ದು. ಹಂಪಿ ಬಗ್ಗೆ ಒಂದಾದರೂ ಹೇಳಿ. ‘ತೇಜೋ ತುಂಗಭದ್ರಾ’ ಎಲ್ಲರ ಕೈಯಲ್ಲೂ ಕಾಣುತ್ತದೆ, ಅಷ್ಟು ಚೆನ್ನಾಗಿದೆಯಾ?

ಥೇಮ್ಸ್ ತೀರದವನು

ಚೆನ್ನಾಗಿದೆ. ವಸುಧೇಂದ್ರರ ಆ ಕಾದಂಬರಿ 2019ರಲ್ಲಿ ಬಂತು. ಒಂದು ಕಡೆ ಲಿಸ್ಬನ್ನಿನ ತೇಜೋ ನದಿ, ಇನ್ನೊಂದು ಕಡೆ ತುಂಗಭದ್ರೆ. ನಡುವೆ ಹಡಗು, ಮೆಣಸು, ಗೋವಾ. ಕೃಷ್ಣದೇವರಾಯನ ಕಾಲ, ಆದರೆ ರಾಯ ದೂರದಲ್ಲಿ ಎಲ್ಲೋ ಇರುತ್ತಾನೆ. ಕಥೆ ಇರುವುದು ಅವನ ಆಳ್ವಿಕೆಯಲ್ಲಿ ಬದುಕಿದ, ಸತ್ತ ಸಾಮಾನ್ಯರದು. ಲಿಸ್ಬನ್ನಿನಲ್ಲಿ ಯಹೂದಿಗಳಿಗೆ ಆದದ್ದನ್ನೂ ವಿಜಯನಗರದಲ್ಲಿ ಹೆಂಗಸರಿಗೆ ಆದದ್ದನ್ನೂ ಒಂದೇ ಕಣ್ಣಲ್ಲಿ ನೋಡುತ್ತಾರೆ, ಯಾರಿಗೂ ರಿಯಾಯಿತಿ ಇಲ್ಲ. ಕಾಕತಾಳೀಯಗಳು ಸ್ವಲ್ಪ ಜಾಸ್ತಿ ಅನ್ನುವುದು ನನ್ನ ದೂರು. ಕನ್ನಡ ಬಾರದ ಇಲ್ಲಿನ ಗೆಳೆಯರಿಗೆ ಇಂಗ್ಲಿಷ್ ಅನುವಾದ ಕೊಟ್ಟಿದ್ದೇನೆ, ಅವರೂ ಬಿಡದೆ ಓದಿದರು.

ಅದರ ಬೆನ್ನಿಗೆ ಗೋಪಾಲಕೃಷ್ಣ ಪೈಯವರ ‘ಸ್ವಪ್ನ ಸಾರಸ್ವತ’ ಓದಿದರೆ ಗೋವಾದ ಮುಂದಿನ ಕಥೆ ಸಿಗುತ್ತದೆ. ಪೋರ್ಚುಗೀಸರ ಕಾಟಕ್ಕೆ ಊರು ಬಿಟ್ಟು ದಕ್ಷಿಣಕ್ಕೆ ಬಂದ ಸಾರಸ್ವತರ ತಲೆಮಾರುಗಳು. ಅದರಲ್ಲಿ ಬರುವ ನಾಗ್ಡೊ ಬೇತಾಳ ಎಂಬ ಪಾತ್ರವನ್ನು ಮರೆಯುವುದು ಕಷ್ಟ.

ಕಲ್ಬರಹ

ಹಂಪಿಗೆ ಕಾದಂಬರಿಗಿಂತ ಮೊದಲು ಆ ಕಾಲದಲ್ಲಿ ಕಣ್ಣಾರೆ ನೋಡಿದವರನ್ನು ಓದಬೇಕು ಎಂಬುದು ನನ್ನ ಹಟ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕುದುರೆ ವ್ಯಾಪಾರಿ ನ್ಯೂನಿಜ್. ರಾಬರ್ಟ್ ಸೆವೆಲ್ 1900ರಲ್ಲಿ ಇಬ್ಬರ ಬರಹವನ್ನೂ ಇಂಗ್ಲಿಷಿಗೆ ತಂದು ತನ್ನ ಪುಸ್ತಕದಲ್ಲಿ ಸೇರಿಸಿದ. ಕನ್ನಡದಲ್ಲಿ ವಿದೇಶಿ ಪ್ರವಾಸಿಗರ ಬರಹಗಳು ಬೇಕಾದರೆ ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಿವೆ.

ಪಾಯೆಸ್ ಕಂಡ ಕೃಷ್ಣದೇವರಾಯ ಸಿನಿಮಾದ ರಾಯನಲ್ಲ. ಮಧ್ಯಮ ಎತ್ತರ, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ ಬೆವರಿಳಿಸಿ, ಕುಸ್ತಿ ಆಡಿ, ಕುದುರೆ ಹತ್ತಿ ಓಡಿಸಿ ಆಮೇಲೆ ಸ್ನಾನ. ನ್ಯೂನಿಜ್ ಅರಮನೆಯ ಹೆಂಗಸರ ಬಗ್ಗೆ ಬರೆಯುತ್ತಾ ಲೆಕ್ಕ ಬರೆಯುವವರು, ಕುಸ್ತಿ ಆಡುವವರು, ಜ್ಯೋತಿಷ್ಯ ಹೇಳುವವರೂ ಇದ್ದರು ಎನ್ನುತ್ತಾನೆ. ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರಂತೆ. ವ್ಯಾಪಾರಿಯ ಮಾತು, ಸ್ವಲ್ಪ ಕಳೆದು ಓದಿ.

ಓದುಗುಳಿ

ನೋಡಿ, ಇದೇ ನಾನು ಹೇಳುತ್ತಿದ್ದದ್ದು. ಎಳ್ಳೆಣ್ಣೆ ಕುಡಿಯುವ ರಾಯ ಯಾವ ಕಾದಂಬರಿಕಾರನಿಗೂ ಹೊಳೆಯುವುದಿಲ್ಲ.

ಇತಿಹಾಸ, ಪತ್ತೇದಾರಿ ಎರಡೂ ಬೇಕಾದರೆ ಕೆ.ಎನ್. ಗಣೇಶಯ್ಯ ಇದ್ದಾರೆ. ಕೃಷಿ ವಿಜ್ಞಾನಿ. ಕಥೆಯಲ್ಲೇ ಅಡಿಟಿಪ್ಪಣಿ ಹಾಕಿ ಇದು ನಿಜ, ಇದು ಊಹೆ ಎಂದು ದಾರಿ ತೋರಿಸುತ್ತಾರೆ. ಆ ಪ್ರಾಮಾಣಿಕತೆ ನನಗೆ ಇಷ್ಟ. ಪಾತ್ರಗಳು ತೆಳ್ಳಗೆ, ಅದು ಬೇರೆ ಮಾತು. ‘ಕರಿಸಿರಿಯಾನ’ದಿಂದ ಶುರು ಮಾಡಬಹುದು.

ಮಲೆನಾಡ ಮಳೆ

ಮೆಣಸಿನ ಮಾತು ಬಂದದ್ದಕ್ಕೆ ಗಜಾನನ ಶರ್ಮರ ‘ಚೆನ್ನಭೈರಾದೇವಿ’ ನೆನಪಾಯಿತು. ಗೇರುಸೊಪ್ಪೆಯ ರಾಣಿ, ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದವಳು. ಆದರೆ ಶರ್ಮರದು ನನಗೆ ಹೆಚ್ಚು ಹಿಡಿಸಿದ್ದು ‘ಪುನರ್ವಸು’. ಶರಾವತಿಗೆ ಅಣೆಕಟ್ಟು ಬಂದು ಜೋಗದಲ್ಲಿ ವಿದ್ಯುತ್ ಹುಟ್ಟಿದ ಕಾಲ. ಕಟ್ಟಿದ ಎಂಜಿನಿಯರುಗಳ ಕನಸೂ ಇದೆ, ಮುಳುಗಿದವರ ಮನೆಯೂ ಇದೆ. ಅದನ್ನು ಓದಿದ ಮೇಲೆ ನಾ. ಡಿಸೋಜರ ‘ದ್ವೀಪ’, ‘ಮುಳುಗಡೆ’ ಓದಲೇಬೇಕು. ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿದ್ದು ಲಿಂಗನಮಕ್ಕಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ‘ದ್ವೀಪ’ ಸಣ್ಣದು. ಒಂದೇ ಸಂಜೆಗೆ ಮುಗಿಯುತ್ತದೆ, ನೀರು ಮಾತ್ರ ಆಮೇಲೂ ತಲೆಯಲ್ಲಿ ಏರುತ್ತಲೇ ಇರುತ್ತದೆ. ಇದನ್ನು ಇತಿಹಾಸದ ಕಾದಂಬರಿ ಅನ್ನಬೇಕೋ ಬೇಡವೋ ಗೊತ್ತಿಲ್ಲ. 1964ರ ವಿಷಯ, ನಮ್ಮ ಅಜ್ಜಿಯರಿಗೆ ನೆನಪಿತ್ತು.

ಸುಳ್ಯದ ಸುಮ

ಅದಕ್ಕೆ ಅಡ್ಡಿ ಇಲ್ಲ. ನಿರಂಜನರು ‘ಚಿರಸ್ಮರಣೆ’ ಬರೆದಾಗ ಕಯ್ಯೂರಿನ ರೈತ ಹೋರಾಟದ ಘಟನೆಗೆ ಹದಿನೈದು ವರ್ಷವೂ ಆಗಿರಲಿಲ್ಲ. 1943ರ ಮಾರ್ಚ್ 29ರಂದು ನಾಲ್ವರು ರೈತ ಯುವಕರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಆಗ ಕಾಸರಗೋಡು ನಮ್ಮ ಜಿಲ್ಲೆಯದೇ ತಾಲ್ಲೂಕು. ನೀಲೇಶ್ವರದಲ್ಲಿ ಓದಿದ ನಿರಂಜನರಿಗೆ ಆ ಊರು, ಆ ಹೊಳೆ ಎಲ್ಲ ಗೊತ್ತಿತ್ತು. ಅದೇ ಮನುಷ್ಯ ಆಮೇಲೆ ‘ಮೃತ್ಯುಂಜಯ’ ಬರೆದು ಪ್ರಾಚೀನ ಈಜಿಪ್ಟಿನ ರೈತರ ದಂಗೆಗೆ ಹೋದರು. ಪಿರಮಿಡ್ಡಿನ ನಾಡಿನ ಕಥೆ ಕನ್ನಡದಲ್ಲಿ! ದೊಡ್ಡದು, ಆದರೆ ಕೋಟೆ ಹುಡುಗ ಹೆದರುವವನಲ್ಲವಂತೆ.

ಕೋಟೆ ಹುಡುಗ

ಹೆದರುವುದಿಲ್ಲ ಅಂದದ್ದೇ ತಪ್ಪಾಯಿತು! ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ. ಮೊದಲು ‘ಚಿಕವೀರ ರಾಜೇಂದ್ರ’, ಅದರ ಬೆನ್ನಿಗೆ ‘ಕಲ್ಯಾಣಸ್ವಾಮಿ’. ಬಸ್ಸಿಗೆ ಡಿ.ವಿ.ಜಿ. ಮನೆಯಲ್ಲಿ ‘ಊರುಕೇರಿ’. ಮುದ್ದಣ್ಣನ ಮೂರು ಕಾದಂಬರಿ ಬೇಸಿಗೆ ರಜಕ್ಕೆ. ‘ಕೆಲವು ನೆನಪುಗಳು’ ಎಲ್ಲಿ ಸಿಗುತ್ತದೆ? ಎರಡು ಅಂಗಡಿಯಲ್ಲಿ ಕೇಳಿದೆ, ಸ್ಟಾಕ್ ಇಲ್ಲ ಎಂದರು.

ಮಲೆನಾಡ ಮಳೆ

ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಲೇಖಕರ ಹೆಸರು ಹೇಳಿ ಕೇಳಿ, ಪುಸ್ತಕದ ಹೆಸರು ಹೇಳಿದರೆ ಯಾವ ನೆನಪುಗಳು ಎಂದು ಅವರೇ ತಿರುಗಿ ಕೇಳುತ್ತಾರೆ. ಸಿಗದಿದ್ದರೆ ನಿಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ‘ಆತ್ಮಚರಿತ್ರೆ’ ಕಪಾಟಿನ ಕೆಳಗಿನ ಸಾಲು ನೋಡಿ. ಒಳ್ಳೆಯ ಪುಸ್ತಕಗಳೆಲ್ಲ ಅಲ್ಲೇ ಧೂಳು ಹಿಡಿದಿರುತ್ತವೆ.

ಹೊಸಕೆರೆಹಳ್ಳಿ ಹೇಮ

ಒಂದು ಗಮನಿಸಿದಿರಾ? ಇಷ್ಟು ಹೊತ್ತು ಹೇಳಿದ ಆತ್ಮಕಥೆಗಳೆಲ್ಲ ಗಂಡಸರದೇ. ಇಂದಿರಾ ಲಂಕೇಶ್ ಅವರ ‘ಹುಳಿಮಾವು ಮತ್ತು ನಾನು’, ಪ್ರತಿಭಾ ನಂದಕುಮಾರ್ ಅವರ ‘ಅನುದಿನದ ಅಂತರಗಂಗೆ’, ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’, ಈ ಮೂರು ನನ್ನ ಕಡೆಯಿಂದ. ಲಂಕೇಶರ ‘ಹುಳಿಮಾವಿನ ಮರ’ ಓದಿ ಇಂದಿರಾ ಅವರದನ್ನು ಓದಿ. ಒಂದೇ ಮನೆ, ಅಡುಗೆ ಮನೆಯ ಬಾಗಿಲಿನಿಂದ ಬೇರೆಯೇ ಕಾಣುತ್ತದೆ. ಕಾದಂಬರಿ ಬೇಕಾದರೆ ನೇಮಿಚಂದ್ರರ ‘ಯಾದ್ ವಶೇಮ್’. ಹಿಟ್ಲರನ ಕಾಲದಲ್ಲಿ ತಪ್ಪಿಸಿಕೊಂಡು ಬಂದು ಬೆಂಗಳೂರಿನಲ್ಲಿ ಬೆಳೆದ ಯಹೂದಿ ಹುಡುಗಿಯ ಕಥೆ. ನಮ್ಮ ಊರಲ್ಲೇ ಯಹೂದಿಗಳ ಸ್ಮಶಾನ ಇದೆ ಎಂದು ಎಷ್ಟು ಜನ ಬೆಂಗಳೂರಿನವರಿಗೆ ಗೊತ್ತು?

ನಿವೃತ್ತ ಮೇಷ್ಟ್ರು

ನನಗೆ ಗೊತ್ತಿರಲಿಲ್ಲಮ್ಮ. ನೇಮಿಚಂದ್ರ ಅವರದು ನಾನೂ ಓದಿಲ್ಲ, ನಾಳೆ ಲೈಬ್ರರಿಗೆ ಹೋದಾಗ ಕೇಳುತ್ತೇನೆ. ಸ್ವಾತಂತ್ರ್ಯ ಪೂರ್ವದ ಹೆಂಗಸರು ಬರೆದುಕೊಂಡ ನೆನಪುಗಳು ಕನ್ನಡದಲ್ಲಿ ಯಾವುವು ಇವೆ, ಗೊತ್ತಿದ್ದವರು ಇಲ್ಲೇ ಕೆಳಗೆ ಹಾಕಿ.